ಅಡಿಕೆ ಅಂಗಳದಲ್ಲಿ ಕೂತು ನಕ್ಷತ್ರದ ಜ್ವಾಲೆ ಹಿಡಿಯುವುದು ಹೇಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಅಂಗಳದ ತುಂಬ ಅಡಿಕೆ. ಟೆಲಿಸ್ಕೋಪ್ ಇಡಲು ನನಗೆ ಸಿಗುವುದು ಚಪ್ಪರದ ಪಕ್ಕದ ಒಂದು ಮೂಲೆ. ಉತ್ತರಕ್ಕೆ ತೋಟ, ದಕ್ಷಿಣಕ್ಕೆ ಗುಡ್ಡ. "ಆ ನಕ್ಷತ್ರ ಉರಿದ್ರೆ ನಿಂಗೇನಾಗ್ಬೇಕೋ?" ಅಂತ ಅಮ್ಮ ಈಗಲೂ ಕೇಳುತ್ತಾರೆ. ಉತ್ತರ ಹೇಳುವುದು ಕಷ್ಟ. ಆದರೆ ಆ ಉರಿ ಹಿಡಿಯುವುದು ಹೇಗೆ ಅಂತ ಹೇಳಬಲ್ಲೆ. ಕೆಲವು ಚಳಿಗಾಲ ಕಳೆದು, ತಪ್ಪು ಮಾಡಿ ಮಾಡಿ ಕಲಿತದ್ದು ಇದು.

ಮೊದಲೇ ಒಂದು ಮಾತು. ಜ್ವಾಲೆ ಅಂದರೆ ಫ್ಲೇರ್, ನಕ್ಷತ್ರ ಇದ್ದಕ್ಕಿದ್ದಂತೆ ಭುಗಿಲೇಳುವುದು. ಅದು ರೇಡಿಯೊ ಅಲೆಯಿಂದ ಹಿಡಿದು ಎಕ್ಸ್-ಕಿರಣದವರೆಗೆ ಎಲ್ಲದರಲ್ಲೂ ಹೊಳೆಯುತ್ತದೆ. ನಮ್ಮ ಅಂಗಳಕ್ಕೆ ಇಳಿಯುವುದು ಅದರಲ್ಲಿ ಒಂದು ಚೂರು ಮಾತ್ರ. ಉಳಿದದ್ದನ್ನು ಉಪಗ್ರಹಗಳು, ದೊಡ್ಡ ರೇಡಿಯೊ ದೂರದರ್ಶಕಗಳು ನೋಡಿರುತ್ತವೆ, ಅವುಗಳ ದತ್ತಾಂಶ ಪುಕ್ಕಟೆ ಸಿಗುತ್ತದೆ. ಎರಡನ್ನೂ ಸೇರಿಸಿ ಹೊಲಿಯುವ ದಾರ ಒಂದೇ, ಗಡಿಯಾರ. ದೊಡ್ಡ ಟೆಲಿಸ್ಕೋಪ್ ಕೊಳ್ಳುವ ಮೊದಲು ಗಡಿಯಾರ ಸರಿಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬಚ್ಚಲ ಒಲೆ ನೋಡಿದ್ದೀರಲ್ವಾ?

ಜ್ವಾಲೆ ಹೇಗೆ ನಡೆಯುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಏನು ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ನಕ್ಷತ್ರದ ಕಾಂತಕ್ಷೇತ್ರದ ಎಳೆಗಳು ತಿರುಚಿಕೊಂಡು, ಒಮ್ಮೆಗೇ ಕಡಿದು ಬೇರೆ ರೀತಿ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾದ ಶಕ್ತಿ ಎಲೆಕ್ಟ್ರಾನುಗಳನ್ನು ಕವಣೆ ಕಲ್ಲಿನಂತೆ ಬೀಸುತ್ತದೆ. ಅವು ಕಾಂತದ ಎಳೆಗಳನ್ನು ಸುತ್ತುತ್ತಾ ಓಡುವಾಗ ರೇಡಿಯೊ ಅಲೆ ಬರುತ್ತದೆ. ಕೆಳಗಿನ ದಟ್ಟ ಪದರಕ್ಕೆ ಬಡಿದಾಗ ತೀಕ್ಷ್ಣ ಎಕ್ಸ್-ಕಿರಣ, ಅತಿನೇರಳೆ ಮತ್ತು ನೀಲಿ-ಬಿಳಿ ಬೆಳಕು ಬರುತ್ತದೆ. ಬಡಿತಕ್ಕೆ ಕಾದ ಅನಿಲ ಮೇಲೆದ್ದು ಕಾಂತದ ಕಮಾನುಗಳನ್ನು ತುಂಬಿಕೊಳ್ಳುತ್ತದೆ. ಕೋಟಿ ಡಿಗ್ರಿ ಮಟ್ಟಕ್ಕೆ ಕಾದು, ಮೃದು ಎಕ್ಸ್-ಕಿರಣ ಬೀರುತ್ತಾ ನಿಧಾನಕ್ಕೆ ಆರುತ್ತದೆ.

ಈಗ ಬಚ್ಚಲ ಒಲೆ ನೆನಪಿಸಿಕೊಳ್ಳಿ. ಒಣ ಸೋಗೆ ತುರುಕಿದರೆ ಭಗ್ ಅಂತ ಉರಿ ಏಳುತ್ತದೆ, ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಹಂಡೆಯ ನೀರು ಮಾತ್ರ ಹಾಗಲ್ಲ. ಉರಿ ಜೋರಾಗಿರುವಾಗ ನೀರಿನ ಬಿಸಿ ಬೇಗ ಏರುತ್ತದೆ, ಉರಿ ಇಳಿದಾಗ ಏರುವುದು ನಿಲ್ಲುತ್ತದೆ. ಆಮೇಲೂ ಬಹಳ ಹೊತ್ತು ಬಿಸಿಯಾಗೇ ಇರುತ್ತದೆ. ಅಲ್ಲಿಯವರೆಗೆ ಹಾಕಿದ ಸೋಗೆಯ ಒಟ್ಟು ಲೆಕ್ಕ ನೀರಿನ ಬಿಸಿಯಲ್ಲಿದೆ. ಜ್ವಾಲೆಯಲ್ಲಿ ನೀಲಿ ಬೆಳಕು ಮತ್ತು ರೇಡಿಯೊ ಆ ಉರಿ ಇದ್ದ ಹಾಗೆ, ಮೃದು ಎಕ್ಸ್-ಕಿರಣ ಹಂಡೆಯ ನೀರು. ಇದಕ್ಕೆ ನ್ಯೂಪರ್ಟ್ ಪರಿಣಾಮ ಅಂತ ಹೆಸರು. ನೀಲಿ ಬೆಳಕು ಮೊದಲು ಶಿಖರ ಮುಟ್ಟಬೇಕು, ಎಕ್ಸ್-ಕಿರಣ ಆಮೇಲೆ. ನಿಮ್ಮ ಗ್ರಾಫಿನಲ್ಲಿ ಇದು ತಿರುವುಮುರುವಾಗಿ ಬಂದರೆ ನಕ್ಷತ್ರಕ್ಕಿಂತ ಮೊದಲು ಗಡಿಯಾರವನ್ನು ಅನುಮಾನಿಸಿ.

ರೇಡಿಯೊ ಮಾತ್ರ ಪ್ರತಿ ಸಲ ಈ ಮಾತು ಕೇಳುವುದಿಲ್ಲ. ಸೂರ್ಯನಿಗಿಂತ ಚಿಕ್ಕದಾದ, ತಣ್ಣಗಿನ ಕೆಂಪು ಕುಬ್ಜ ನಕ್ಷತ್ರಗಳಲ್ಲಿ ಬೇರೆ ಯಾವ ಬೆಳಕಿನಲ್ಲೂ ಏನೂ ಇಲ್ಲದಿರುವಾಗ ರೇಡಿಯೊ ಒಂದೇ ಸಿಡಿಯುವುದುಂಟು.

ಯಾವ ನಕ್ಷತ್ರ?

ಹತ್ತಿರದ ಕೆಂಪು ಕುಬ್ಜಗಳೇ ಸರಿ. ಅವುಗಳ ಮೈ ಬಿಸಿ ಮೂರು ಸಾವಿರ ಡಿಗ್ರಿ ಚಿಲ್ಲರೆ. ಜ್ವಾಲೆಯ ಬಿಸಿ ಸುಮಾರು ಹತ್ತು ಸಾವಿರ. ಮಂಕು ಕೆಂಡದ ಮೇಲೆ ಗ್ಯಾಸ್ ವೆಲ್ಡಿಂಗ್ ಕಿಡಿ ಇಟ್ಟ ಹಾಗೆ, ನೀಲಿಯಲ್ಲಿ ಎದ್ದು ಕಾಣುತ್ತದೆ. ಸೂರ್ಯನ ಮೇಲೆ ಅದೇ ಜ್ವಾಲೆ ಎದ್ದರೆ ಒಟ್ಟು ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ. 1859ರ ಸೆಪ್ಟೆಂಬರ್ 1ರಂದು ರಿಚರ್ಡ್ ಕ್ಯಾರಿಂಗ್ಟನ್ ಬಿಳಿ ಬೆಳಕಿನಲ್ಲಿ ಸೌರಜ್ವಾಲೆ ಕಂಡದ್ದು ಸೂರ್ಯನ ಬಿಂಬದ ಕಲೆಗಳ ಚಿತ್ರ ಬರೆಯುತ್ತಿದ್ದಾಗ. ನಕ್ಷತ್ರಗಳಲ್ಲಿ ಬಿಂಬ ಕಾಣುವ ಸೌಕರ್ಯ ನಮಗಿಲ್ಲ, ಒಂದು ಚುಕ್ಕೆ ಅಷ್ಟೇ.

ಹೊಸಬರು ವೈಝಡ್ ಕ್ಯಾನಿಸ್ ಮೈನಾರಿಸ್‌ನಿಂದ ಶುರು ಮಾಡಿ. ಚಿಕ್ಕದಾಗಿ ವೈಝಡ್ ಸಿಎಂಐ. ಸುಮಾರು 11ನೇ ಮ್ಯಾಗ್ನಿಟ್ಯೂಡ್ (ಇದು ಹೊಳಪಿನ ಅಳತೆ, ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು), ಹತ್ತೊಂಬತ್ತೂವರೆ ಬೆಳಕಿನ ವರ್ಷ ದೂರ. ಪ್ರೊಸಿಯಾನ್ ನಕ್ಷತ್ರದಿಂದ ಆಗ್ನೇಯಕ್ಕೆ ಎರಡು ಡಿಗ್ರಿ. ಜನವರಿ ಮಧ್ಯದಲ್ಲಿ ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ನಮ್ಮ ಆಕಾಶ ಚೊಕ್ಕಟವಾಗಿರುವ ದಿನಗಳೂ ಅವೇ. ಇದು 2.77 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಸೂರ್ಯನಿಗೆ ಅದಕ್ಕೆ ಇಪ್ಪತ್ತೈದು ದಿನ ಬೇಕು. ಹೀಗೆ ರಭಸದಿಂದ ತಿರುಗುವುದೇ ಕಾಂತದ ಗಲಾಟೆಗೆ ಕಾರಣ.

ಎಡಿ ಲಿಯೊನಿಸ್ ಇದಕ್ಕಿಂತ ಪ್ರಕಾಶಮಾನ, 9.4ರ ಹತ್ತಿರ. ದೂರ 16 ಬೆಳಕಿನ ವರ್ಷ. ಹುಡುಕುವುದು ಬಹಳ ಸುಲಭ, ಯಾಕೆಂದರೆ ಸಿಂಹ ರಾಶಿಯ ಕುಡುಗೋಲಿನಾಕಾರದ ಗುಂಪಿನಲ್ಲಿರುವ ಅಲ್ಗೀಬಾದಿಂದ ಪಶ್ಚಿಮಕ್ಕೆ ಬರೀ 5 ಆರ್ಕ್ ನಿಮಿಷ (ಒಂದು ಡಿಗ್ರಿಗೆ ಅರವತ್ತು ಆರ್ಕ್ ನಿಮಿಷ). ತಲೆನೋವೂ ಅದೇ. ಅಲ್ಗೀಬಾ ಎರಡನೇ ಮ್ಯಾಗ್ನಿಟ್ಯೂಡ್ ನಕ್ಷತ್ರ, ಪಕ್ಕದಲ್ಲಿ ಪೆಟ್ರೋಮ್ಯಾಕ್ಸ್ ಇಟ್ಟ ಹಾಗೆ. ನ್ಯೂಟನ್ ಮಾದರಿ ಟೆಲಿಸ್ಕೋಪಿನಲ್ಲಿ ಚಿಕ್ಕ ಕನ್ನಡಿ ಹಿಡಿದ ಕಡ್ಡಿಗಳಿಂದ ಅಲ್ಗೀಬಾಕ್ಕೆ ಶಿಲುಬೆಯಂಥ ಕಿರಣಗಳು ಮೂಡುತ್ತವೆ. ಒಂದು ಕಿರಣ ನೇರ ಪಶ್ಚಿಮಕ್ಕೆ ಚಾಚಿದರೆ ಎಡಿ ಲಿಯೊ ಅದರ ಅಂಚಿಗೆ ಸಿಕ್ಕಿಬೀಳುತ್ತದೆ. ಕೊಳವೆಯನ್ನು ಸ್ವಲ್ಪ ಹೊರಳಿಸಿ ಕಿರಣಗಳನ್ನು ಓರೆ ಮಾಡಿಕೊಳ್ಳಿ.

ದೀಪಾವಳಿ ಆಸುಪಾಸಿನಲ್ಲಿ ಶುರು ಮಾಡುವವರಿಗೆ ಇವಿ ಲ್ಯಾಸರ್ಟೆ ಇದೆ. ನವೆಂಬರ್ ಮೊದಲ ವಾರ ರಾತ್ರಿ ಎಂಟರ ಹೊತ್ತಿಗೆ ಉತ್ತರದಲ್ಲಿ ಅರವತ್ತು ಡಿಗ್ರಿ ಎತ್ತರ. 2008ರ ಏಪ್ರಿಲ್ 25ರಂದು ಸ್ವಿಫ್ಟ್ ಉಪಗ್ರಹಕ್ಕೆ ಸಿಕ್ಕ ಮಹಾಜ್ವಾಲೆ ಇದರದ್ದೇ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಅಂತ ಆಸೆಪಡಬೇಡಿ. ನಮ್ಮ ಅಕ್ಷಾಂಶಕ್ಕೆ ಅದು ದಕ್ಷಿಣದಲ್ಲಿ 13 ಡಿಗ್ರಿಗಿಂತ ಮೇಲೇಳುವುದಿಲ್ಲ. ಮಲೆನಾಡಿನಲ್ಲಿ ಹದಿಮೂರು ಡಿಗ್ರಿ ಅಂದರೆ ಗುಡ್ಡ ಅಥವಾ ಅಡಿಕೆ ಮರದ ತಲೆ.

ಸಾಮಾನು, ಇಬ್ಬನಿ, ಧ್ರುವ

ಆರು ಇಂಚಿನ ಟೆಲಿಸ್ಕೋಪ್, ನಕ್ಷತ್ರದ ಜೊತೆ ತಿರುಗುವ ಮೌಂಟ್, ಹಳೇ ಡಿಎಸ್‌ಎಲ್‌ಆರ್. ಇಷ್ಟು ಸಾಕು. ಮೌಂಟಿನ ಅಕ್ಷ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು, ಆದರೆ ಅದು ಶಿವಮೊಗ್ಗದಲ್ಲಿ ಬರೀ 14 ಡಿಗ್ರಿ ಎತ್ತರದಲ್ಲಿದೆ. ನನ್ನ ಮನೆಯಿಂದ ಇವತ್ತಿನವರೆಗೂ ಅದನ್ನು ಕಂಡಿಲ್ಲ, ತೋಟ ಅಡ್ಡ. ಹಾಗಾಗಿ ದಿಕ್ಸೂಚಿಯಿಂದ ಉತ್ತರ, ಸ್ಪಿರಿಟ್ ಲೆವೆಲ್ ಮತ್ತು ಕೋನಮಾಪಕದಿಂದ 14 ಡಿಗ್ರಿ. ಆಮೇಲೆ ನಕ್ಷತ್ರ ಯಾವ ಕಡೆ ಜಾರುತ್ತದೆ ನೋಡಿ ತಿದ್ದುತ್ತಾ ಹೋಗುವುದು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಗುತ್ತದೆ. ಸರಿಯಾದ ಮೇಲೆ ಮೌಂಟಿನ ಮೂರು ಕಾಲಿನ ಜಾಗಕ್ಕೆ ಸಿಮೆಂಟಿನಲ್ಲಿ ಗುರುತು ಹಾಕಿಬಿಡಿ.

ಇಬ್ಬನಿ ಇಲ್ಲಿನ ನಿಜವಾದ ಶತ್ರು. ರಾತ್ರಿ ಹನ್ನೊಂದು ದಾಟಿದರೆ ಲೆನ್ಸು ಮಬ್ಬು. ನಾನು ಮಾಡುವುದು ಹೀಗೆ: ಅಗಲವಾದ ಅಡಿಕೆ ಹಾಳೆಯನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಕೊಳವೆಯ ಬಾಯಿಗೆ ಸುತ್ತಿ ಹಗ್ಗ ಕಟ್ಟಿ ಒಣಗಲು ಬಿಡುತ್ತೇನೆ. ಎರಡು ದಿನಕ್ಕೆ ಗಟ್ಟಿ ಕೊಳವೆಯಾಗುತ್ತದೆ. ಬಾಯಿಯಿಂದ ಒಂದು ಮೊಳ ಮುಂದೆ ಚಾಚಿರಬೇಕು. ಒಳಗೆ ಮಸಿ ಬಳಿದರೆ ಅಡ್ಡ ಬೆಳಕೂ ನಿಲ್ಲುತ್ತದೆ. ಅಂಗಡಿಯ ಪ್ಲಾಸ್ಟಿಕ್ಕಿನದಕ್ಕಿಂತ ಇದೇ ವಾಸಿ, ಹಾಳೆ ತೇವ ಹೀರಿಕೊಳ್ಳುತ್ತದೆ. ತೀರಾ ಜಾಸ್ತಿಯಾದರೆ 12 ವೋಲ್ಟಿನ ಹೀಟರ್ ಪಟ್ಟಿ ಸುತ್ತಬೇಕು.

ಫೋಟೊ ತೆಗೆಯುವ ಕ್ರಮ

ರಾ ಫೈಲಿನಲ್ಲಿ ತೆಗೆಯಿರಿ. ಐಎಸ್‌ಒ 800, ಒಂದೊಂದು ಫೋಟೊ 20ರಿಂದ 30 ಸೆಕೆಂಡ್. ಅದಕ್ಕಿಂತ ಉದ್ದ ಬೇಡ. ಜ್ವಾಲೆಯ ಏರು ಕೆಲವೊಮ್ಮೆ ಅರೆ ನಿಮಿಷದಲ್ಲಿ ಮುಗಿಯುತ್ತದೆ. ಕ್ಯಾಮೆರಾದ 'ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್' ಆಫ್ ಮಾಡಿ, ಇಲ್ಲದಿದ್ದರೆ ಅರ್ಧ ರಾತ್ರಿ ಕ್ಯಾಮೆರಾ ಕಣ್ಣು ಮುಚ್ಚಿಕೊಂಡೇ ಕೂತಿರುತ್ತದೆ. ಫೋಕಸ್ ಒಂದು ಚೂರು ತಪ್ಪಿಸಿ, ನಕ್ಷತ್ರ ಏಳೆಂಟು ಪಿಕ್ಸೆಲ್ ಅಗಲಕ್ಕೆ ಹರಡಲಿ. ಚೂಪಾದ ಚುಕ್ಕೆ ನೋಡಲು ಚೆಂದ, ಅಳತೆಗೆ ಕೆಟ್ಟದ್ದು. ಫೋಕಸ್ ಕೂತ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿಬಿಡಿ.

ಕೊನೆಗೆ ಮುಚ್ಚಳ ಹಾಕಿ ಇಪ್ಪತ್ತು ಕತ್ತಲ ಫೋಟೊ. ಬಾಯಿಗೆ ಬಿಳಿ ಪಂಚೆ ಬಿಗಿದು, ಸೂರ್ಯ ಹುಟ್ಟುವ ಮುಂಚಿನ ಬೆಳಕಿನಲ್ಲಿ ಇಪ್ಪತ್ತು ಸಮಬೆಳಕಿನ ಫೋಟೊ. ಇವಿಲ್ಲದೆ ಲೆನ್ಸಿನ ಧೂಳು ಕೂಡ ಜ್ವಾಲೆಯ ಹಾಗೆ ಕಾಣುತ್ತದೆ.

ಗಡಿಯಾರದ ಕೆಲಸಕ್ಕೆ ನನ್ನ ಉಪಾಯ ಇದು. ಫೋನಿನಲ್ಲಿ ಜಿಪಿಎಸ್ ಸಮಯ ತೋರಿಸುವ ಆ್ಯಪ್ ಹಾಕಿಕೊಳ್ಳಿ. ಇದಕ್ಕೆ ನೆಟ್‌ವರ್ಕ್ ಬೇಡ, ಆಕಾಶ ಕಂಡರೆ ಸಾಕು. ರಾತ್ರಿಯ ಮೊದಲ ಫೋಟೊ ಮತ್ತು ಕೊನೆಯ ಫೋಟೊ ಆ ಫೋನಿನ ಪರದೆಯದ್ದೇ ಆಗಿರಲಿ, ಅದೇ ಕ್ಯಾಮೆರಾದಲ್ಲಿ. ಫೈಲಿನಲ್ಲಿ ಕ್ಯಾಮೆರಾ ಬರೆದ ಸಮಯ ಒಂದು ಕಡೆ, ಚಿತ್ರದಲ್ಲಿ ಜಿಪಿಎಸ್ ಸಮಯ ಇನ್ನೊಂದು ಕಡೆ. ವ್ಯತ್ಯಾಸ ಎಷ್ಟು, ರಾತ್ರಿಯಲ್ಲಿ ಎಷ್ಟು ಜಾರಿತು, ಎರಡೂ ಸಿಕ್ಕಿತು. ಕ್ಯಾಮೆರಾ ಬರೆಯುವುದು ಫೋಟೊ ಶುರುವಾದ ಸಮಯ. ಅದಕ್ಕೆ ಅರ್ಧ ಎಕ್ಸ್‌ಪೋಶರ್ ಕೂಡಿಸಿ.

ಅಳೆಯುವುದು

ಎಎವಿಎಸ್‌ಒ ಅನ್ನುವ, ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಕರ ಅಮೆರಿಕದ ಸಂಸ್ಥೆಯ ಜಾಲತಾಣದಲ್ಲಿ ನಕ್ಷತ್ರದ ಹೆಸರು ಕೊಟ್ಟರೆ ಸುತ್ತಲಿನ ಹೋಲಿಕೆ ನಕ್ಷತ್ರಗಳ, ಅಂದರೆ ಹೊಳಪು ಬದಲಾಗದ ನಕ್ಷತ್ರಗಳ, ನಕ್ಷೆ ಸಿಗುತ್ತದೆ. ಸಿರಿಲ್ ಅಥವಾ ಆಸ್ಟ್ರೋಇಮೇಜ್‌ಜೆ, ಫೋಟೊದಿಂದ ಹೊಳಪು ಅಳೆಯುವ ಈ ಎರಡೂ ಉಚಿತ ತಂತ್ರಾಂಶಗಳೇ. ಕನಿಷ್ಠ ಎರಡು ಹೋಲಿಕೆ ನಕ್ಷತ್ರ ಇಟ್ಟುಕೊಳ್ಳಿ, ಅವೆರಡರ ವ್ಯತ್ಯಾಸ ರಾತ್ರಿಯಿಡೀ ಸಪಾಟು ಗೆರೆಯಾಗಿರಬೇಕು. ಅದೇ ಕುಣಿಯುತ್ತಿದ್ದರೆ ಆ ರಾತ್ರಿಯನ್ನು ಮರೆತುಬಿಡಿ.

ಡಿಎಸ್‌ಎಲ್‌ಆರ್ ಅಂದರೆ ಮೂಗು ಮುರಿಯುವವರಿದ್ದಾರೆ. ಅದರ ಒಂದು ಗುಣ ಅವರಿಗೆ ತೋಚುವುದಿಲ್ಲ. ಅದು ಒಂದೇ ಕ್ಷಣದಲ್ಲಿ ನೀಲಿ, ಹಸಿರು, ಕೆಂಪು ಮೂರನ್ನೂ ಅಳೆಯುತ್ತದೆ. ಮೂರನ್ನೂ ಬೇರೆ ಮಾಡಿ ಮೂರು ಗ್ರಾಫ್ ಬರೆಯಿರಿ. ನಿಜವಾದ ಜ್ವಾಲೆ ನೀಲಿಯಲ್ಲಿ ದೊಡ್ಡದು, ಹಸಿರಿನಲ್ಲಿ ಸಣ್ಣದು, ಕೆಂಪಿನಲ್ಲಿ ಇದ್ದೂ ಇಲ್ಲದ ಹಾಗೆ. ಮೂರೂ ಸಮಾನವಾಗಿ ಏರಿದರೆ ಅದು ಮೋಡವೋ, ಮಂಜೋ, ನಿಮ್ಮ ಲೆಕ್ಕದ ತಪ್ಪೋ. ಬಹುತರಂಗ ವೀಕ್ಷಣೆಯ ಮೊದಲ ಪಾಠ ಅಂಗಳದಲ್ಲೇ ಆಯಿತು, ಅಲ್ವಾ?

ಆಕಾರವನ್ನೂ ನೋಡಿ. ಏರು ಕಡಿದು, ಇಳಿಜಾರು ಉದ್ದ. ಕನಿಷ್ಠ ಮೂರು ಸತತ ಬಿಂದುಗಳು ಗ್ರಾಫಿನ ಮಾಮೂಲಿ ಏರುಪೇರಿಗಿಂತ ಮೇಲಿರಬೇಕು. ಒಂದೇ ಬಿಂದು ಎದ್ದಿದ್ದರೆ ಅದು ಕಾಸ್ಮಿಕ್ ಕಿರಣ ಅಥವಾ ಉಪಗ್ರಹ. ಇನ್ನೊಂದು ಮೋಸ ಇದೆ. ನಕ್ಷತ್ರ ಇಳಿಯುತ್ತಾ ಹೋದಂತೆ ಗಾಳಿ ನೀಲಿಯನ್ನು ಹೆಚ್ಚು ಹೀರುತ್ತದೆ. ಹೋಲಿಕೆ ನಕ್ಷತ್ರ ನಮ್ಮ ಕೆಂಪು ಕುಬ್ಜಕ್ಕಿಂತ ನೀಲಿಯಾಗಿದ್ದರೆ ಅದೇ ಹೆಚ್ಚು ಮಂಕಾಗುತ್ತದೆ. ಆಗ ಕುಬ್ಜ ಬೆಳಗುತ್ತಿದೆ ಅನ್ನಿಸುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ ತೇಲಿಬಂದರೂ ಇದೇ ಕಥೆ. ಇವು ನಿಧಾನದ ಏರಿಳಿತಗಳು, ಜ್ವಾಲೆಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಮೂರ್ನಾಲ್ಕು ರಾತ್ರಿ ಖಾಲಿ ಕೈಯಲ್ಲಿ ಎದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಜ್ವಾಲೆ ಇಲ್ಲದ ಗಂಟೆಗಳನ್ನೂ ಬರೆದಿಡಿ, ಎಷ್ಟು ಹೊತ್ತಿಗೆ ಎಷ್ಟು ಜ್ವಾಲೆ ಅನ್ನುವ ಲೆಕ್ಕಕ್ಕೆ ಅವೂ ಬೇಕು.

ಉಳಿದ ಬಣ್ಣಗಳು ಎಲ್ಲಿ ಸಿಗುತ್ತವೆ

2018ರಲ್ಲಿ ಹಾರಿದ ಟೆಸ್ ಉಪಗ್ರಹ ಆಕಾಶದ ಒಂದೊಂದು ಪಟ್ಟಿಯನ್ನು 27 ದಿನ ಬಿಡದೆ ನೋಡುತ್ತದೆ. ಆರಿಸಿದ ನಕ್ಷತ್ರಗಳಿಗೆ 20 ಸೆಕೆಂಡ್ ಅಥವಾ 2 ನಿಮಿಷಕ್ಕೊಂದು ಅಳತೆ. ಅದರ ದತ್ತಾಂಶವನ್ನು ಮಾಸ್ಟ್ ಅನ್ನುವ ಅಂತರ್ಜಾಲ ಸಂಗ್ರಹದಿಂದ ಪೈಥಾನಿನ ಲೈಟ್‌ಕರ್ವ್ ಪ್ಯಾಕೇಜ್ ಬಳಸಿ ಇಳಿಸಿಕೊಳ್ಳಬಹುದು. ಗೂಗಲ್ ಕೊಲ್ಯಾಬ್‌ನಲ್ಲಿ ನಡೆಸಿದರೆ ಹಳೇ ಲ್ಯಾಪ್‌ಟಾಪ್ ಕೂಡ ಸಾಕು. ಟೆಸ್ ನೋಡುವುದು ಕೆಂಪು ಬೆಳಕನ್ನು. ಹಾಗಾಗಿ ನಿಮ್ಮ ನೀಲಿ ಗ್ರಾಫಿನಲ್ಲಿ ದೊಡ್ಡದಾಗಿ ಕಂಡ ಜ್ವಾಲೆ ಅಲ್ಲಿ ಗುಬ್ಬಚ್ಚಿ ಗಾತ್ರದ್ದು. ನಿಮ್ಮ ಅಂಗಳದ ಅಳತೆಗೆ ಬೆಲೆ ಬರುವುದೇ ಇಲ್ಲಿ.

ಅತಿನೇರಳೆ ಮತ್ತು ಎಕ್ಸ್-ಕಿರಣಕ್ಕೆ ನಮ್ಮದೇ ಆಸ್ಟ್ರೋಸ್ಯಾಟ್ ಉಪಗ್ರಹ ಇದೆ, 2015ರ ಸೆಪ್ಟೆಂಬರ್ 28ರಂದು ಹಾರಿದ್ದು. ಎರಡನ್ನೂ ಒಟ್ಟಿಗೆ ನೋಡಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ. ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿದೆ. ಹೆಸರು ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ಸ್ವಿಫ್ಟ್, ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹಗಳ ದತ್ತಾಂಶವೂ ಮುಕ್ತ. ರೇಡಿಯೊಗೆ ಪುಣೆ ಬಳಿಯ ಜಿಎಂಆರ್‌ಟಿ, 45 ಮೀಟರಿನ ಮೂವತ್ತು ತಟ್ಟೆಗಳು. ರೇಡಿಯೊ ದತ್ತಾಂಶ ಬಿಡಿಸುವುದು ನನಗಂತೂ ಇನ್ನೂ ಕೈಗೆ ಹತ್ತಿಲ್ಲ.

ಬರೀ ಒಂದು ಬಣ್ಣ ನೋಡಿದರೆ ಏನು ತಪ್ಪಿಹೋಗುತ್ತದೆ ಅನ್ನುವುದಕ್ಕೆ ಪ್ರಾಕ್ಸಿಮಾದ ಒಂದು ಜ್ವಾಲೆ ಸಾಕು. 2019ರ ಮೇ 1ರಂದು ಹಬಲ್, ಅಲ್ಮಾ, ಟೆಸ್ ಸೇರಿ ಹಲವು ದೂರದರ್ಶಕಗಳು ಒಟ್ಟಿಗೆ ಅದನ್ನು ನೋಡುತ್ತಿದ್ದವು. ಜ್ವಾಲೆ ನಡೆದದ್ದು ಏಳು ಸೆಕೆಂಡ್. ಅತಿನೇರಳೆಯಲ್ಲಿ ನಕ್ಷತ್ರ 14,000 ಪಟ್ಟು ಬೆಳಗಿತು. ಮಿಲಿಮೀಟರ್ ಅಲೆಗಳಲ್ಲಿ ಸಾವಿರ ಪಟ್ಟು ದಾಟಿತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೆಚ್ಚೇನೂ ಇಲ್ಲ.

ಗಡಿಯಾರದ ಮೂರು ಮೋಸ

ನನ್ನ ಮೊದಲ ಒಳ್ಳೆಯ ಜ್ವಾಲೆ ಸಿಕ್ಕಿದ್ದು ವೈಝಡ್ ಸಿಎಂಐನಲ್ಲಿ, ಒಂದು ಫೆಬ್ರವರಿ ರಾತ್ರಿ. ಕೆಲವು ತಿಂಗಳ ಮೇಲೆ ಟೆಸ್ ದತ್ತಾಂಶ ಬಂತು. ಅದೇ ರಾತ್ರಿ ಅದೂ ನೋಡುತ್ತಿತ್ತು! ಎರಡು ಗ್ರಾಫ್ ಒಂದರ ಮೇಲೊಂದು ಇಟ್ಟೆ. ನನ್ನ ಜ್ವಾಲೆ 13 ನಿಮಿಷ ಮುಂಚೆ ಇತ್ತು. ಎರಡು ದಿನ ತಲೆ ಕೆರೆದುಕೊಂಡೆ.

ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆದು ಯುಟಿಸಿಗೆ, ಅಂದರೆ ಜಗತ್ತಿನ ಸಾಮಾನ್ಯ ಸಮಯಕ್ಕೆ, ಹೋಗುವುದು ಮೊದಲನೇದು. ಅದನ್ನು ಮಾಡಿದ್ದೆ. ಎರಡನೇದು ನನಗೆ ಗೊತ್ತೇ ಇರಲಿಲ್ಲ. ಟೆಸ್ ಫೈಲಿನಲ್ಲಿರುವುದು ಭೂಮಿಯ ಸಮಯ ಅಲ್ಲ, ಸೌರಮಂಡಲದ ತೂಕದ ಕೇಂದ್ರಕ್ಕೆ ಬೆಳಕು ತಲುಪುವ ಸಮಯ. ಭೂಮಿ ಸೂರ್ಯನ ಯಾವ ಮಗ್ಗುಲಲ್ಲಿದೆ ಅನ್ನುವುದರ ಮೇಲೆ ಎಂಟು ನಿಮಿಷದವರೆಗೆ ಹಿಂದೆ ಮುಂದೆ ಆಗುತ್ತದೆ. ಫೆಬ್ರವರಿಯಲ್ಲಿ ನಾವು ವೈಝಡ್ ಸಿಎಂಐ ಕಡೆಯ ಮಗ್ಗುಲಲ್ಲಿರುತ್ತೇವೆ, ಬೆಳಕು ನಮಗೆ ಏಳೂವರೆ ನಿಮಿಷ ಮೊದಲೇ ಸಿಗುತ್ತದೆ. ಮೂರನೇದು, ಆ ಫೈಲಿನ ಗಡಿಯಾರ ಟಿಡಿಬಿ ಅನ್ನುವ ಅಳತೆಯದ್ದು, ಯುಟಿಸಿಗಿಂತ 69 ಸೆಕೆಂಡ್ ಮುಂದೆ. ಅಲ್ಲಿಗೆ ಹತ್ತಿರ ಹತ್ತಿರ ಒಂಬತ್ತು ನಿಮಿಷದ ಲೆಕ್ಕ ಸಿಕ್ಕಿತು. ಉಳಿದ ನಾಲ್ಕು? ಲ್ಯಾಪ್‌ಟಾಪಿನ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಒಳಗಿನ ಬಟನ್ ಬ್ಯಾಟರಿ ಸತ್ತು, ನಮ್ಮ ಕೊಳ್ಳದಲ್ಲಿ ನೆಟ್‌ವರ್ಕ್ ಇಲ್ಲದೆ ಅದನ್ನು ತಿದ್ದುವವರೇ ಇರಲಿಲ್ಲ. ಜ್ವಾಲೆ ಒಂದೇ ಅಂತ ನನಗೆ ಗೊತ್ತು, ಬೇರೆಯವರಿಗೆ ತೋರಿಸುವ ಹಾಗಿಲ್ಲ. ಫೋನಿನ ಪರದೆಯ ಫೋಟೊ ತೆಗೆಯುವ ಅಭ್ಯಾಸ ಶುರುವಾದದ್ದು ಮಾರನೇ ದಿನದಿಂದ.

ಈ ತಿದ್ದುಪಡಿಗಳನ್ನು ಪೈಥಾನಿನ ಆಸ್ಟ್ರೋಪೈ ಪ್ಯಾಕೇಜ್ ಒಂದೇ ಸಲಕ್ಕೆ ಮಾಡಿಕೊಡುತ್ತದೆ. ನಿಮ್ಮ ಊರಿನ ಅಕ್ಷಾಂಶ, ರೇಖಾಂಶ, ನಕ್ಷತ್ರದ ಜಾಗ ಕೊಟ್ಟರಾಯಿತು. ಎಕ್ಸ್-ಕಿರಣದ ಫೈಲುಗಳಲ್ಲಿ ಯಾವ ಗಡಿಯಾರ ಅನ್ನುವುದು ಫೈಲಿನ ತಲೆಬರಹದಲ್ಲಿ ಬರೆದಿರುತ್ತದೆ. ಓದದೆ ಮುಂದೆ ಹೋಗಬೇಡಿ.

ಹಗಲು ಹೊತ್ತಿಗೆ ಸೂರ್ಯ

ನಕ್ಷತ್ರದ ರೇಡಿಯೊ ಮನೆಯಲ್ಲಿ ಸಿಗುವುದಿಲ್ಲ. ಆದರೆ ಸೂರ್ಯನ ಎಕ್ಸ್-ಕಿರಣವನ್ನು ಪರೋಕ್ಷವಾಗಿ ಹಿಡಿಯಬಹುದು. ಸೌರಜ್ವಾಲೆಯ ಎಕ್ಸ್-ಕಿರಣ ಬಡಿದಾಗ ಭೂಮಿಯ ಅಯಾನುಗೋಳದ ಕೆಳಪದರ ಗಟ್ಟಿಯಾಗುತ್ತದೆ. ಅತಿ ಕಡಿಮೆ ಆವರ್ತನದ ರೇಡಿಯೊ ಅಲೆಯ ಬಲ ತಟ್ಟನೆ ಬದಲಾಗುತ್ತದೆ. ತಮಿಳುನಾಡಿನ ವಿಜಯನಾರಾಯಣದ ನೌಕಾಪಡೆ ಪ್ರಸಾರಕೇಂದ್ರ 18.2 ಕಿಲೊಹರ್ಟ್ಸ್‌ನಲ್ಲಿದೆ. ಮರದ ಚೌಕಟ್ಟಿಗೆ ತಂತಿ ಸುತ್ತಿ, ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟು, 48 ಕಿಲೊಹರ್ಟ್ಸ್ ವೇಗದಲ್ಲಿ ದಾಖಲಿಸಿದರೆ ಅದು ಕಾಣುತ್ತದೆ. ಅಮೆರಿಕದ ನೋಯಾ ಸಂಸ್ಥೆಯ ಗೋಸ್ ಉಪಗ್ರಹದ ಎಕ್ಸ್-ಕಿರಣ ಗ್ರಾಫ್ ಪಕ್ಕದಲ್ಲಿಟ್ಟು ಹೋಲಿಸಿ. ಇಸ್ರೋದ ಸೂರ್ಯವೀಕ್ಷಣೆಯ ನೌಕೆ ಆದಿತ್ಯ-ಎಲ್1ರ ಸೋಲೆಕ್ಸ್ ಮತ್ತು ಹೆಲಿಯೋಸ್ ಉಪಕರಣಗಳು ಮೃದು ಮತ್ತು ತೀಕ್ಷ್ಣ ಎಕ್ಸ್-ಕಿರಣ ಎರಡನ್ನೂ ಅಳೆಯುತ್ತವೆ. ಉರಿ, ಹಂಡೆ ಎರಡನ್ನೂ ಅಲ್ಲೇ ನೋಡಬಹುದು.

ಚೌಕಟ್ಟನ್ನು ಇನ್ವರ್ಟರ್, ಪಂಪಿನ ಸ್ಟಾರ್ಟರ್‌ಗಳಿಂದ ದೂರ ಇಡಿ. ನನ್ನ ದಾಖಲೆಯಲ್ಲಿ ಸೆಕೆಂಡಿಗೊಂದು ಟಿಕ್ ಬರುತ್ತಿತ್ತು. ವಾರಗಟ್ಟಲೆ ಹುಡುಕಿದೆ. ಕೊನೆಗೆ ನೋಡಿದರೆ ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ.

ಮಳೆಗಾಲ

ಜೂನ್‌ನಿಂದ ಅಕ್ಟೋಬರ್‌ವರೆಗೆ ಆಕಾಶದ ಆಸೆ ಬಿಡಿ. ಮಖೆ ಮಳೆ ಸುರಿಯುವಾಗ ಅಂತೂ ಸೂರ್ಯನೇ ಮಖಾ ನಕ್ಷತ್ರದಲ್ಲಿ ಇರುತ್ತಾನೆ, ಎಡಿ ಲಿಯೊ ಅವನ ಬೆಳಕಿನಲ್ಲಿ ಮುಳುಗಿರುತ್ತದೆ. ಮೋಡ ಸರಿದರೂ ಪ್ರಯೋಜನ ಇಲ್ಲ. ಆ ತಿಂಗಳುಗಳು ದತ್ತಾಂಶ ಇಳಿಸಿ ಗ್ರಾಫ್ ಬರೆಯಲು ಇರುವುದು. ಲೆನ್ಸು, ಕ್ಯಾಮೆರಾ, ಕನ್ನಡಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್‌ನ್ನು ಹದಿನೈದು ದಿನಕ್ಕೊಮ್ಮೆ ಬಾಣಲೆಯಲ್ಲಿ ಹುರಿದು ಮತ್ತೆ ಹಾಕಿ. ಕ್ಯಾಮೆರಾದ ಬ್ಯಾಟರಿ ತೆಗೆದು ಬೇರೆ ಇಡಬೇಕು. ನವೆಂಬರಿನಲ್ಲಿ ಡಬ್ಬಿ ತೆಗೆದಾಗ ಮೊದಲು ಕ್ಯಾಮೆರಾದ ತಾರೀಖು, ಸಮಯ ನೋಡಿ. ನನ್ನದು ಪ್ರತಿ ವರ್ಷ ಯಾವುದೋ ಹಳೇ ಜನವರಿ 1ಕ್ಕೆ ಹೋಗಿ ಕೂತಿರುತ್ತದೆ.